ಕೊಯ್ಲಿಗೆ ಮೊದಲಿನ ಬಿತ್ತು

ಅಚವೆಯ ಮೇಲಿನ ಗದ್ದೆ.
ಭತ್ತ ಇನ್ನೂ ನಿಂತೇ ಇದೆ, ತೆನೆ ಬಾಗಿ.
ಬುಡದ ಮಣ್ಣಿಗೆ ಹಸಿ ಉಂಟು, ಕಾಲು ಹುಗಿಯುವುದಿಲ್ಲ.
ಈ ಹದ ಮೂರೇ ದಿನ, ಅನ್ನುತ್ತಿದ್ದ ಅಪ್ಪ.

ಬುಟ್ಟಿ ಸೊಂಟಕ್ಕಿಟ್ಟು ಹುರುಳಿ ಎರಚುತ್ತ ಹೋಗುತ್ತೇನೆ.
ಕಾಳು ಗರಿಗೆ ಬಡಿದು ಇಳಿಯುತ್ತದೆ,
ಗೆರಸಿಯಲ್ಲಿ ಅಕ್ಕಿ ಹೊರಳಿದ ಸದ್ದು.

‘ಮನೆಗೋ ತಂಗೀ, ಮಿಗಕ್ಕೋ?’
ಹಾಳಿಯ ಮೇಲಿಂದ ತಿಮ್ಮಾಣಿಯ ಕುಹಕ.
ಅವನಿಗೂ ಗೊತ್ತು,
ಕಾಡಿನಂಚಿನ ಈ ನಾಲ್ಕು ಗುಂಟೆಯಿಂದ
ನಾವೆಂದೂ ಒಂದು ಸೇರು ಹುರುಳಿ ಒಯ್ದವರಲ್ಲ.
ಕೂಳೆಯ ನಡುವೆ ಹಸಿರು ಗೇಣುದ್ದ ಎದ್ದ ರಾತ್ರಿ
ಅಪ್ಪ ಮಾಳ ಹತ್ತುತ್ತಿದ್ದ.
ಬೆಳಗಾದರೆ ಕೇರಿಗೆಲ್ಲ ಪಾಲು,
ತೇಗದ ಎಲೆಯಲ್ಲಿ ಕಟ್ಟಿ. ತಿಮ್ಮಾಣಿಗೂ.

ಯಾವುದೋ ಚುನಾವಣೆಗೆ ಕೋವಿಯನ್ನು ಠಾಣೆಗೆ ಕೊಟ್ಟ;
ಬಿಡಿಸಿ ತರುವ ಮೊದಲೇ ಹೋದ.
ರಸೀದಿ ಇದೆ, ಅಕ್ಕಿ ಡಬ್ಬದಲ್ಲಿ.

ಬಿತ್ತುವುದನ್ನು ಯಾಕೆ ಬಿಡಲಿಲ್ಲ, ಕೇಳಬೇಡಿ.
ಚಳಿಗೆ ಅವನ ಕಂಬಳಿಯನ್ನೇ ಹೊದ್ದು
ಮಾಳದಲ್ಲಿ ಕೂರುತ್ತೇನೆ.
ಬರುತ್ತವೆ.
ಮೊದಲು ಒಂದು ಕಿವಿ, ಆಮೇಲೆ ಕಡವೆ, ಅದರ ಹಿಂದೆ ಮರಿ.
ಬಳ್ಳಿ ಕಿತ್ತು ಜಗಿಯುವ ಸದ್ದು ಇಲ್ಲಿಯವರೆಗೂ.
ಉಸಿರು ಬಿಗಿಹಿಡಿದು ಎಣಿಸುತ್ತೇನೆ, ಬರೇ ಎಣಿಸುತ್ತೇನೆ.

ಐದನೆಯದಕ್ಕೆ
ತೋರುಬೆರಳು ತಾನಾಗಿ ಮಡಚಿಕೊಳ್ಳುತ್ತದೆ.