ಹನ್ನೊಂದು ಫ್ರೇಮು

ಪೀಣ್ಯ ಎರಡನೇ ಹಂತ. ಪಕ್ಕದ ಲೇತ್ ಮಿಷನ್ನುಗಳ ಸದ್ದಿಗೆ
ಗೋಡೆಯೇ ಸಣ್ಣಗೆ ನಡುಗುವ ಹಳೇ ಗೋಡೌನಿನಲ್ಲಿ
ಅರವತ್ತೊಂದರ ಬೈಲಪ್ಪ ಕಪ್ಪು ಬಿಗಿಯುಡುಪು ತೊಟ್ಟು
ಮೈತುಂಬ ಬಿಳಿ ಗುಂಡು ಅಂಟಿಸಿಕೊಂಡು ನಿಂತಿದ್ದಾನೆ.
'ಸಿಡುಬು ಎದ್ದಂಗಿದೆ' ಎಂದು ತಾನೇ ನಗುತ್ತಾನೆ.
ಸುತ್ತ ಇಪ್ಪತ್ನಾಲ್ಕು ಕ್ಯಾಮೆರಾ. ಒಂದಕ್ಕೂ ಅವನ ಮುಖ ಬೇಡ.
ಅದೇನು ಅವನಿಗೆ ಹೊಸದಲ್ಲ.

ಮೂವತ್ತು ವರ್ಷ ಗಾಂಧಿನಗರಕ್ಕಾಗಿ ಬಿದ್ದವನು.
ಬೀಳುವುದು ಇವನು, ಏಳುವುದು ಹೀರೋ;
ನಡುವೆ ಒಂದು ಕತ್ತರಿ.

ನಾನೂ ಆ ಕತ್ತರಿಯ ಕಡೆಯಿಂದ ಬಂದವಳೇ.
ಸಿನಿಮಾ ಎಡಿಟ್ ಮಾಡುತ್ತಿದ್ದೆ, ಈಗ ಆಟಕ್ಕೆ ಕಥೆ ಹೊಲಿಯುತ್ತೇನೆ:
ಇಷ್ಟು ಹೊತ್ತು ನೋಡು, ಈಗ ಓಡು,
ಇಷ್ಟು ಹೊತ್ತು ಅಳು, ಈಗ ಹೊಡಿ.
ಹೊಲಿಗೆ ಕಾಣಬಾರದು. ಕಾಣುತ್ತದೆ.
ಕಥೆ ಶುರುವಾದ ಕೂಡಲೇ ಆಡುವವರ ಹೆಬ್ಬೆರಳು
ಕಂಟ್ರೋಲರಿನ ಮೇಲೆ ಸತ್ತು ಮಲಗುತ್ತದೆ.
ಕೆಲವರು ಎದ್ದು ನೀರು ಕುಡಿಯಲು ಹೋಗುತ್ತಾರೆ.

ಆಟ ಇಷ್ಟೆ: ಮೆಜೆಸ್ಟಿಕ್ಕಿನ ಬಸ್ಸುಗಳ ನೆತ್ತಿಯ ಮೇಲೆ ನೀನು ಓಡುತ್ತೀ,
ಬೆನ್ನಿಗೇ ಅಟ್ಟಿಸಿಕೊಂಡು ಬರುವವರು.
ಎಡಗಡೆಯ ಗುಂಡಿ ಒತ್ತಿದರೆ ಕಾಲ ಮಗುಚುತ್ತದೆ ದೋಸೆಯ ಹಾಗೆ.
ಬಸ್ಸಿಲ್ಲ, ಪ್ಲಾಟ್‌ಫಾರ್ಮಿಲ್ಲ, ಕಡಲೆಕಾಯಿ ಮಾರುವವಳಿಲ್ಲ,
ಅಲ್ಲೆಲ್ಲ ಕೆರೆ.
ಕೊಕ್ಕರೆಯೊಂದು ಕತ್ತೆತ್ತಿ ನೋಡುತ್ತದೆ
ಟಿಕೆಟ್ಟು ಕೇಳುವ ಹಾಗೆ.

ಕಥೆಗೊಂದು ಸಾವು ಬೇಕಿತ್ತು, ಬರೆದೆ:
ಲಾಡ್ಜಿನ ಮಾಳಿಗೆಯಿಂದ ಗೆಳೆಯ ಜಾರುತ್ತಾನೆ.
ನೋಡಬೇಕು, ಅಷ್ಟೆ. ಗುಂಡಿಗಳಿಗೆಲ್ಲ ಬೀಗ.
ಬೈಲಪ್ಪ ಏಳು ಸಲ ಬಿದ್ದು ಏಳು ಸಲ ಎದ್ದ.
ಎಂಟನೆಯ ಸಲ ಹಾಸಿನ ಮೇಲೆ ಹಾಗೇ ಮಲಗಿ ಸೂರು ನೋಡುತ್ತ
'ಎಂಬತ್ತೊಂಬತ್ತರಲ್ಲಿ ಜಬೀವುಲ್ಲಾ ಹಿಂಗೇ ಜಾರಿದ್ದು' ಅಂದ.
'ನಾನು ಪಕ್ಕದಲ್ಲೇ ಇದ್ದೆ. ಕೈ ಚಾಚಲಿಲ್ಲ.
ಚಾಚಿದ್ದರೆ ಶಾಟು ಕೆಡ್ತಿತ್ತು.'
ಲೇತು ಒಂದು ಸುತ್ತು ಕಿರುಚಿ ನಿಂತಿತು.
'ಇಲ್ಲೂ ಬೀಗಾನೇನಮ್ಮ?'

ಆ ರಾತ್ರಿ ಬೀಳುವ ಹೊತ್ತಿನ ನಟ್ಟನಡುವೆ
ಹನ್ನೊಂದು ಫ್ರೇಮು ಬೀಗ ತೆಗೆದೆ. ಅರೆ ಸೆಕೆಂಡಿಗೂ ಕಮ್ಮಿ.
ಪರದೆಯ ಮೇಲೆ ಸೂಚನೆಯಿಲ್ಲ, ಮಿನುಗುವ ಬಾಣವಿಲ್ಲ.
ಸುಮ್ಮನೆ ಕೂತವನಿಗೆ ಅದು ಸಿನಿಮಾ,
ಕೂರಲಾರದವನಿಗೆ ಮಾತ್ರ ಕೆರೆ.
ಯಾರಿಗೂ ಸಿಗುವುದಿಲ್ಲ ಇದು ಎಂದು ಮೀಟಿಂಗಿನಲ್ಲಿ ಬೈದರು.
ಸಿಗದಿದ್ದರೆ ಬೇಡ ಅಂದೆ. ಧೈರ್ಯ ಎಲ್ಲಿಂದ ಬಂತೋ.

ಮೊದಲು ಆಡಿದವನು ಬೈಲಪ್ಪ.
ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳು.
ಮೊದಲ ಸಲ ತಡ. ನೆಲ.
ಎರಡನೆಯ ಸಲ ಬೇಗ. ನೆಲ.
ಊಟಕ್ಕೂ ಏಳಲಿಲ್ಲ. ಪಲಾವಿನ ಪೊಟ್ಟಣ ಆರಿಹೋಯಿತು.
ತನ್ನ ಮೈಯೇ ಗೆಳೆಯನಾಗಿ ಬೀಳುವುದನ್ನು
ನಲವತ್ತು ಸಲವೋ ಐವತ್ತು ಸಲವೋ ನೋಡಿದ,
ನಾನು ಎಣಿಸುವುದು ಬಿಟ್ಟ ಮೇಲೆ
ಛಳ್ಳೆಂದು ನೀರು.

ಅಲೆ ಅಗಲವಾಗುತ್ತಾ ಹೋಗಿ ದಡ ಮುಟ್ಟಿತು. ಕೊಕ್ಕರೆ ಹಾರಿತು.
ಚಪ್ಪಾಳೆಗೆಂದು ನಾನು ಕೈಯೆತ್ತಿದ್ದೆ.
ಬೈಲಪ್ಪ ಪರದೆಯಿಂದ ಕಣ್ಣು ಕೀಳದೆ ಅಂದ:
'ಜಬೀಗೆ ಈಜು ಬರ್ತಿರಲಿಲ್ಲಮ್ಮ.'

ಮೂರು ಗಂಟೆಗೆ ಎರಡು ಸ್ಟೂಲು ಜೋಡಿಸಿದೆವು.
ಅವನು ಬೋರಲು ಮಲಗಿ ಪೀಣ್ಯದ ಒಣ ಗಾಳಿಯಲ್ಲಿ
ಒಂದು ಕೈ ಬಡಿದು ಈಜುತ್ತ, ಇನ್ನೊಂದನ್ನು ಮುಂದೆ ಚಾಚಿದ.
ಚಾಚಿದ ಮುಂಗೈಯಿಂದ ಬಿಳಿ ಗುಂಡೊಂದು ಕಳಚಿ
ಉರುಳುತ್ತಾ ಹೋಗಿ ಬಾಗಿಲ ಬಳಿ ನಿಂತಿತು.
ಯಾರೂ ಕಟ್ ಅನ್ನಲಿಲ್ಲ.