ನಾಲ್ಕು ಮ್ಯಾಚು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಹಲಗೆಯ ಮೇಲೆ ಜಾರಿ ಬರುವ ಮಂಜುಗಡ್ಡೆಯನ್ನು
ಪುರ್ಸೊ ತಾಂಡೇಲ ಎದೆಗೊತ್ತಿ ಹಿಡಿಯುತ್ತಾನೆ.
“ಕೈ ನಂಬಬೇಡ, ಎದೆ ಕೊಡು” — ನಮಗೂ ಅದೇ ಪಾಠ.

ವಾಸ್ಕೋದ ಕ್ಲಬ್ಬಿಗೆ ಆಡಿದ್ದು ನಾಲ್ಕೇ ಮ್ಯಾಚು.
ಆಗ ಕಾಳಿಗೆ ಸೇತುವೆ ಇರಲಿಲ್ಲ;
ಕೋಡಿಬಾಗದಿಂದ ತಾರಿಯಲ್ಲಿ ದಾಟುತ್ತಿದ್ದ,
ಬೂಟು ಕೊರಳಿಗೆ ಕಟ್ಟಿಕೊಂಡು.
ಮ್ಯಾಚಿಗೆ ಅರವತ್ತು ರೂಪಾಯಿ, ಮೇಲೊಂದು ಮೀನೂಟ.

ಒಂಬತ್ತು ಗೋಲು ಬಿಟ್ಟ. ಊರಿಗೆಲ್ಲ ಬಾಯಿಪಾಠ ಅದು.
ಹಿಡಿದದ್ದೆಷ್ಟು?
ಬರೆದಿಟ್ಟವರಿಲ್ಲ.
ಕೇಳಿದರೆ ಸುತ್ತಿಗೆ ಎತ್ತಿ ಐಸು ಒಡೆಯುತ್ತಾನೆ,
ಬೇಕಾದ್ದಕ್ಕಿಂತ ಸಣ್ಣಗೆ.

ಐದನೆಯ ಭಾನುವಾರ
ಗೇಟಿನಲ್ಲೇ ಚೀಟಿ ಕೊಟ್ಟರು.
ಓದಲಿಲ್ಲ, ಮಡಚಿ ಬೂಟಿನೊಳಗಿಟ್ಟ.
ಸಂಜೆ ಮರಳುವಾಗ ತಾರಿಯ ದುಲ್ಬಾ
ಮುಖ ನೋಡಿ ದುಡ್ಡು ಬೇಡವೆಂದ.
ಉಳಿದದ್ದೆಲ್ಲ ಮರೆತೆ, ಅನ್ನುತ್ತಾನೆ ಪುರ್ಸೊ,
ಆ ನಾಲ್ಕಾಣೆ ಮಾತ್ರ
ಇನ್ನೂ ಅಂಗೈಯಲ್ಲೇ ಇದೆ.