ಎರಡು ವಿಸಿಲು

ಲೋಕಯ್ಯಾ,
ಬೈಪಾಸ್ ಅಂದಾಗ ನಿನ್ನ ಹೆಂಡತಿ ಸೆರಗು ಬಾಯಿಗಿಟ್ಟಳು.
ನೀನು ಮಾತ್ರ ನನ್ನ ಮುಖ ನೋಡಿ
‘ಪಂಪ್‌ವೆಲ್ ಫ್ಲೈಓವರಿನಷ್ಟು ವರ್ಷ ಹಿಡಿಯದಿದ್ದರೆ ಸಾಕು ಮಾರಾಯ’ ಅಂದೆ.
ವಾರ್ಡಿನ ನರ್ಸಮ್ಮನೂ ನಕ್ಕರು.
ನಾನು ನಗಲಿಲ್ಲ.
ಕೆಳಗೆ ಬಂದು, ಬೊಂಡದ ಗಾಡಿಯ ಹಿಂದೆ ನಿಂತು
ಒಂದು ಬೊಂಡ ಕುಡಿಯುವಷ್ಟು ಹೊತ್ತು ಅತ್ತೆ.

ನನಗೆ ಪ್ರಾರ್ಥನೆ ಬರುವುದಿಲ್ಲ.
ತೇರ್ಸ್ ಹೇಳುವಾಗ ನಿದ್ದೆ ಹೋಗುವವ ಎಂದು
ಅಮ್ಮ ಸಾಯುವವರೆಗೂ ಬೈದಳು.
ನನಗೆ ಬರುವುದು ಇಷ್ಟೆ:
ಆರು ಹತ್ತಕ್ಕೆ ಗಾಡಿ ಸ್ಟಾರ್ಟ್ ಮಾಡುವುದು,
ಗೇರು ಹಾಕುವ ಮೊದಲು ಸ್ಟೇರಿಂಗ್ ಮುಟ್ಟಿ
ಬೆರಳನ್ನು ಹಣೆಗೆ ಒತ್ತುವುದು.
ಈ ವಾರ ಎರಡು ಸಲ ಒತ್ತುತ್ತಿದ್ದೇನೆ.
ಒಂದು ನಿನ್ನ ಲೆಕ್ಕಕ್ಕೆ.

ಡಾಕ್ಟರು ಕಾಗದದಲ್ಲಿ ಗೀಚಿ ತೋರಿಸಿದರು:
ಕಾಲಿನಿಂದ ಒಂದು ರಕ್ತನಾಳ ತೆಗೆದು
ಎದೆಗೆ ಹೊಲಿಯುತ್ತಾರಂತೆ.
ಯಾವ ಕಾಲು, ಕೇಳಿದೆ. ಎಡಗಾಲು.
ಆಗ ನನಗೆ ಧೈರ್ಯ ಬಂತು ನೋಡು.
ಹತ್ತೊಂಬತ್ತು ವರ್ಷ ಫುಟ್‌ಬೋರ್ಡಿನ ಮೇಲೆ
ನಿನ್ನನ್ನು ಹೊತ್ತು ನಿಂತದ್ದು ಅದೇ ಅಲ್ಲವಾ?
ಬಲಗಾಲು ಗಾಳಿಯಲ್ಲಿ, ಸರಳಿಗೆ ಮೊಣಕೈ ಸಿಕ್ಕಿಸಿ,
ಕೊಟ್ಟಾರ ಚೌಕಿಯ ತಿರುವಿನಲ್ಲಿ
ಒಂದು ಕೈಯಲ್ಲಿ ಟಿಕೇಟು, ಇನ್ನೊಂದರಲ್ಲಿ
ಯಾವುದೋ ಶಾಲೆ ಮಗುವಿನ ಚೀಲ.
ನಿಲ್ಲುವುದು ಹೇಗೆಂದು ಆ ಕಾಲಿಗೆ ಗೊತ್ತುಂಟು.
ಎದೆಗೆ ಹೋಗಿ ಅದನ್ನೇ ಹೇಳಿಕೊಡಲಿ.

ಮತ್ತೆ ಒಂದು ವಿಷಯ. ಚಿಲ್ಲರೆ.
‘ಇಳಿಯುವಾಗ ಕೊಡ್ತೇನೆ’ ಅಂತ ಎಷ್ಟು ಜನರಿಗೆ ಹೇಳಿದ್ದಿ ನೀನು!
ಸುದ್ದಿ ತಿಳಿದ ಮೇಲೆ ಎಲ್ಲರೂ ಲೆಕ್ಕ ತೆಗೆದಿದ್ದಾರೆ.
ಬೈಕಂಪಾಡಿಯ ಫ್ಯಾಕ್ಟರಿ ಹುಡುಗಿಯರಿಗೆ ಏಳು ರೂಪಾಯಿ,
ಕೂಳೂರಿನಲ್ಲಿ ಹತ್ತುವ ಬೀಪಾತುಮ್ಮನಿಗೆ ಎರಡು.
ನಿನ್ನೆ ಹೊಸ ಹುಡುಗ ಆ ಎರಡು ರೂಪಾಯಿ ಕೊಡಲು ಹೋದರೆ
ಕೈ ಹಿಂದಕ್ಕೆ ಎಳೆದುಕೊಂಡರು:
‘ನಿನ್ನದು ಬೇಡ. ಅವನೇ ಬಂದು ಕೊಡಲಿ.
ಐದು ಹೊತ್ತೂ ಆ ಬಾಕಿಯನ್ನು ನೆನಪು ಮಾಡ್ತಾ ಇದ್ದೇನೆ.’
ಮೀನಿನ ಬುಟ್ಟಿಯ ಗುಲಾಬಿಯಕ್ಕ
ಕೊರಗಜ್ಜನಿಗೆ ಚಕ್ಕುಲಿ ಹರಕೆ ಹೇಳಿದ್ದಾರೆ.
ಅವರಿಗೆ ನೀನು ಕೊಡಲಿಕ್ಕೆ ಎಂತದೂ ಇಲ್ಲ,
ಅವರೇ ಕೊಡಬೇಕು, ಬುಟ್ಟಿಯ ಲಗೇಜು, ಜೂನಿನಿಂದ.
ಊರಿಡೀ ಬಾಕಿ ಇಟ್ಟು ಇಳಿದು ಹೋಗುವ ಕ್ರಮ
ನಮ್ಮ ಬಸ್ಸಿನಲ್ಲಿ ಇಲ್ಲ ಲೋಕಯ್ಯ.

ನಾಳೆ ಏಳೂವರೆಗೆ ನಿನ್ನನ್ನು ಒಳಗೆ ಕರೆದೊಯ್ಯುವಾಗ
ನಾನು ಕೂಳೂರು ಸೇತುವೆಯ ಮೇಲಿರುತ್ತೇನೆ.
ರಜೆ ಹಾಕುತ್ತೇನೆ ಎಂದದ್ದಕ್ಕೆ ಬೈದವ ನೀನೇ,
‘ಟ್ರಿಪ್ ಕಟ್ ಮಾಡಬೇಡ’ ಅಂತ.
ಆಯಿತು, ಮಾಡುವುದಿಲ್ಲ.
ಸೇತುವೆಯಲ್ಲಿ ಹೇಗೂ ಬ್ಲಾಕ್ ಇರುತ್ತದೆ.
ಕೆಳಗೆ ಹೊಳೆ ನೋಡುತ್ತಾ ನಿನ್ನ ಹೆಸರು ಹೇಳುತ್ತೇನೆ,
ಯಾರ ಹತ್ತಿರ ಎಂದು ಕೇಳಬೇಡ.
ಮದ್ದು ಕೊಟ್ಟು ಅಂಕೆ ಎಣಿಸು ಅಂದರೆ
ಅಂಕೆ ಬೇಡ, ಸ್ಟಾಪು ಕೂಗು:
ಹಂಪನಕಟ್ಟೆ, ಪಿವಿಎಸ್, ಲಾಲ್‌ಬಾಗ್, ಲೇಡಿಹಿಲ್...
ಉರ್ವಸ್ಟೋರಿಗೆ ಮುಟ್ಟುವುದರೊಳಗೆ ನಿದ್ದೆ.

ಸ್ವಲ್ಪ ಹೊತ್ತು ಎದೆಬಡಿತ ನಿಲ್ಲಿಸುತ್ತಾರಂತೆ.
ಅದು ಕೇಳಿ ನೀನು ಗೋಡೆ ಕಡೆ ತಿರುಗಿ ಮಲಗಿದೆ.
ನಾನೂ ಹೆದರಿದೆ.
ಆದರೆ ನಿಂತ ಬಸ್ಸೆಲ್ಲ ಕೆಟ್ಟ ಬಸ್ಸಲ್ಲ.
ಸ್ಟೇಟ್‌ಬ್ಯಾಂಕಿನಲ್ಲಿ ಇಂಜಿನ್ ಆರಿಸಿ
ನಾವು ಚಾ ಕುಡಿಯುವುದಿಲ್ಲವಾ, ಹಾಗೆ.
ಒಂದು ವಿಸಿಲು, ಅಷ್ಟೆ.

ಉಂಗುರ, ವಾಚು ನಿನ್ನ ಹೆಂಡತಿಯ ಪರ್ಸಿನಲ್ಲಿ.
ವಿಸಿಲು ನನ್ನ ಅಂಗಿ ಕಿಸೆಯಲ್ಲಿ ಉಂಟು.
ತುಟಿ ತಾಗುವಲ್ಲಿ ಹೊಳಪು ಸವೆದು
ಒಳಗಿನ ಹಿತ್ತಾಳೆ ಕಾಣುತ್ತದೆ.
ಹೊಸ ಹುಡುಗ ಕೇಳಿದ, ಕೊಡಲಿಲ್ಲ.
ಬ್ರೇಕು ತುಳಿದಾಗೆಲ್ಲ ಅದು
ಎದೆಗೆ ಸಣ್ಣಗೆ ಬಡಿಯುತ್ತದೆ.

ಎಚ್ಚರ ಆಗುವುದು ಸಂಜೆಗೋ, ನಾಡಿದ್ದೋ.
ಬಾಯಿಯಲ್ಲಿ ನಳಿಗೆ ಇರುತ್ತದೆ, ಮಾತಾಡಲು ಹೋಗಬೇಡ.
ಬೆರಳಿನಿಂದ ಮಂಚದ ಸರಳಿಗೆ ಎರಡು ಸಲ ತಟ್ಟು.
ರೈಟ್, ಪೋಯಿ.
ಬಾಗಿಲ ಹೊರಗಿದ್ದರೂ ನನಗೆ ಕೇಳುತ್ತದೆ.
ಇಷ್ಟು ವರ್ಷ ಬೇರೆ ಎಂತ ಕೇಳಿದ್ದೇನೆ ನಾನು?